ಟಿಕ್ಕಮ್ಮ ಬರೆದ ಸೊನ್ನೆ

ನಮ್ಮ ಡಿಪೋದ ಗೋಡೆಯ ಮೇಲೊಂದು ಹಿತ್ತಾಳೆ ಫಲಕವಿದೆ: ‘ಸಮಯಪಾಲನೆಯಲ್ಲಿ ನಗರಕ್ಕೇ ಪ್ರಥಮ’. ಅದರ ಮುಂದೆ ಹಾದುಹೋಗುವಾಗಲೆಲ್ಲ ನಾನು ತಲೆ ತಗ್ಗಿಸಿಕೊಂಡೇ ಹೋಗುತ್ತೇನೆ. ಬಸ್ಸುಗಳು ಹೊರಡುವ, ಬರುವ ವೇಳೆ ಬರೆದಿಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಗಾಜಿನ ಕಿಂಡಿ, ಅದೇ ಕುಂಟು ಸ್ಟೂಲು. ಫಲಕದಲ್ಲಿ ನನ್ನ ಪಾಲೂ ಇದೆ ಅನ್ನಿ. ಆದರೆ ನಾನು ಹೇಳಹೊರಟಿದ್ದು ಟಿಕ್ಕಮ್ಮನ ವಿಷಯ.

ಟಿಕ್ಕಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಒಬ್ಬೊಬ್ಬರು ಹತ್ತಿದಾಗಲೂ ಕೈಯಲ್ಲಿರುವ ಪುಟ್ಟ ಎಣಿಕೆ ಯಂತ್ರವನ್ನು ಟಿಕ್ ಎಂದು ಒತ್ತುವುದು, ಪ್ರತಿ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರೆಂದು ಹಾಳೆಯಲ್ಲಿ ಬರೆಯುವುದು ಅವಳ ಕೆಲಸ. ಒತ್ತಿ ಒತ್ತಿ ಹೆಬ್ಬೆರಳು ಜಡ್ಡುಗಟ್ಟಿತ್ತು. ಕಂಕುಳಲ್ಲಿರುವ ಕೂಸು ಒಂದು ತಲೆಯೋ ಅಲ್ಲವೋ ಎಂದು ಮೇಲಿನ ಕಚೇರಿಗೇ ಹೋಗಿ ಜಗಳವಾಡಿ ಬಂದವಳು ಅವಳು. ಮನೆಯಲ್ಲಿ ಮೆಟ್ಟಿಲಿಳಿಯುವಾಗಲೂ ಅವಳ ಹೆಬ್ಬೆರಳು ತಾನಾಗಿ ಆಡುತ್ತದೆಂದು ಮಗಳು ನಗುತ್ತಿದ್ದಳಂತೆ.

ಅವಳಿಗೊಬ್ಬ ಅಕ್ಕ. ತಾಯಿ ಸತ್ತಾಗ ಓದು ಬಿಟ್ಟು, ಆಸ್ಪತ್ರೆಯ ಹೊದಿಕೆ ಒಗೆಯುವ ಕೆಲಸಕ್ಕೆ ಸೇರಿ ತಂಗಿಯನ್ನು ಸಾಕಿದವಳು. ಆಕೆಯ ಮನೆ ನೀರಿನ ಟ್ಯಾಂಕ್ ಸ್ಟಾಪಿನ ಹಿಂದೆ. ಬೆಳಿಗ್ಗೆ ಏಳಕ್ಕೆ ಹಾಜರಾತಿ. ತಿಂಗಳಲ್ಲಿ ಮೂರು ಸಲ ತಡವಾದರೆ ಕೆಲಸದಿಂದ ಹೊರಕ್ಕೆ. ಆ ಸ್ಟಾಪಿಗಿದ್ದದ್ದು ಹದಿನೇಳನೇ ನಂಬರಿನ ಬಸ್ಸೊಂದೇ.

ಆ ಬಸ್ಸೋ, ಮೊದಲ ಎರಡು ಸ್ಟಾಪಿನಲ್ಲೇ ಬಾಗಿಲವರೆಗೆ ತುಂಬುತ್ತಿತ್ತು. ಟ್ಯಾಂಕ್ ಹತ್ತಿರ ನಿಲ್ಲಿಸಿದರೆ ಜನರನ್ನು ಒಳಗೆ ತುರುಕಲು ಮೂರು ನಿಮಿಷ ಬೇಕು. ಮೂರು ನಿಮಿಷ ತಡವಾದರೆ ನನ್ನ ರಿಜಿಸ್ಟರಿನಲ್ಲಿ ಡ್ರೈವರನ ಹೆಸರಿನ ಮುಂದೆ ಕೆಂಪು ಗುರುತು. ಮೂರು ಕೆಂಪಿಗೆ ಒಂದು ವಾರದ ರಜೆ ಕಟ್. ಅದಕ್ಕೇ ಅವರು ಅಲ್ಲಿ ನಿಲ್ಲಿಸದೆ ಆಕ್ಸಿಲರೇಟರ್ ತುಳಿಯುತ್ತಿದ್ದರು. ‘ಟ್ಯಾಂಕ್ ಹಾರಿಸೋದು’ ಅನ್ನುತ್ತಿದ್ದರು ನಮ್ಮ ಹುಡುಗರು. ಕರುಣೆಯಿದ್ದವನು ಯಾವಾಗಲೋ ನಿಲ್ಲಿಸಿದರೆ ಅಕ್ಕ ಹತ್ತುವುದು, ಇಲ್ಲವಾದರೆ ಸೀರೆ ಎತ್ತಿ ಕಟ್ಟಿ, ಬೇರೆ ಬಸ್ಸು ಸಿಗುವ ದೊಡ್ಡ ಸರ್ಕಲ್ಲಿನವರೆಗೆ ಓಡುವುದು. ಆ ತಿಂಗಳು ಆಗಲೇ ಎರಡು ಸಲ ತಡವಾಗಿತ್ತು.

ಅಷ್ಟರಲ್ಲಿ ಊರಾಚೆಯ ಬಯಲಿನಲ್ಲಿ ಹೊಸ ಮೆಟ್ರೋ ನಿಲ್ದಾಣ ಎದ್ದಿತು. ಕಾವಲುಗಾರನನ್ನು ಬಿಟ್ಟರೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೂ ಅಲ್ಲಿಗೆ ಬಸ್ಸು ಬಿಡಬೇಕಂತೆ, ಅದಕ್ಕೆ ಹಳೇ ಮಾರ್ಗಗಳನ್ನು ಕತ್ತರಿಸಬೇಕಂತೆ, ಅದಕ್ಕೊಂದು ಎಣಿಕೆ. ಹದಿನೇಳಕ್ಕೆ ಟಿಕ್ಕಮ್ಮನನ್ನು ಆರು ದಿನ ಹಾಕಿದರು. ಕಚೇರಿಯ ಎಣಿಕೆಯವಳು ಬಸ್ಸಿನಲ್ಲಿದ್ದಾಳೆಂದರೆ ವೇಳೆ ತಪ್ಪಿಸುವ ಧೈರ್ಯ ಯಾವ ಡ್ರೈವರನಿಗೆ? ಆರೂ ದಿನ ಟ್ಯಾಂಕ್ ಹಾರಿಸಿದರು.

ಮೊದಲ ದಿನದ ಹಾಳೆ ನನ್ನ ಕಿಂಡಿಗೆ ಬಂತು. “ಅಲ್ಲಮ್ಮಾ, ಟ್ಯಾಂಕ್ ಹತ್ರ ದಿನಾ ಮೂವತ್ತು ಜನ ನಿಂತಿರ್ತಾರೆ. ಸೊನ್ನೆ ಬರ್ದಿದ್ದೀಯಲ್ಲ?” ಎಂದೆ.

“ನಿಂತವ್ರಿಗೆ ಹಾಳೇಲಿ ಜಾಗ ಇಲ್ಲ ಅಣ್ಣ, ಹತ್ತಿದವ್ರಿಗೆ ಮಾತ್ರ. ನಮ್ಮಕ್ಕಾನೂ ಅಲ್ಲೇ ನಿಂತಿದ್ಲು. ಅಕ್ಕ ಅಂತ ಒಂದು ಜಾಸ್ತಿ ಒತ್ತಕ್ಕಾಗುತ್ತಾ?”

ಎಂಥ ಹೆಮ್ಮೆ ಅವಳ ಮುಖದಲ್ಲಿ! ನಾನೂ ತಲೆದೂಗಿದೆ. ಆರು ದಿನ, ಆರು ಸೊನ್ನೆ.

ವರದಿ ಬಂತು: ‘ನೀರಿನ ಟ್ಯಾಂಕ್, ಬೇಡಿಕೆ ಶೂನ್ಯ.’ ಸ್ಟಾಪಿನ ಕಂಬ ಕಿತ್ತರು, ಬಸ್ಸನ್ನು ಮೇಲ್ಸೇತುವೆಗೆ ತಿರುಗಿಸಿದರು. ಟಿಕ್ಕಮ್ಮ ಎದ್ದೆನೋ ಬಿದ್ದೆನೋ ಎಂದು ಮೇಲಿನ ಕಚೇರಿಯ ಸಾಹೇಬರ ಬಳಿ ಓಡಿದಳು. ಸಾಕ್ಷಿಗಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಸಾಹೇಬರು ಕಾರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಕೀಲಿಯ ತುದಿ ನೋಡಿ, ಟೇಬಲ್ಲಿನ ಬಟ್ಟೆಗೆ ಒರೆಸಿದರು.

“ಈ ಲೆಕ್ಕ ನಿಮ್ದೇ ತಾನೆ?”

“ನಂದೇ ಸಾರ್. ಆದ್ರೆ ಬಸ್ಸೇ ನಿಲ್ಲಲಿಲ್ಲ.”

“ಯಾರೂ ಹತ್ತದ ಕಡೆ ಬಸ್ ಯಾಕಮ್ಮ ನಿಲ್ಬೇಕು?”

ಮಾರನೆಯ ಬೆಳಿಗ್ಗೆ ಅವಳೇ ಟ್ಯಾಂಕ್ ಹತ್ತಿರ ನಿಂತು ಎಣಿಸಿ ಬಂದಳು. ಕಂಬ ಕಿತ್ತರೂ ಮೂವತ್ತನಾಲ್ಕು ಜನ ಕಾದಿದ್ದರು. ಸಾಹೇಬರು ಯಂತ್ರದ ಅಂಕಿ ನೋಡಿ ನಕ್ಕರು. “ಸ್ಟಾಪೇ ಇಲ್ಲ ಅಂದ್ಮೇಲೆ ಅವ್ರು ಪ್ರಯಾಣಿಕರು ಹೇಗಾಗ್ತಾರೆ? ದಾರಿಹೋಕರು ಅಷ್ಟೇ.” ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು. ಇಂಥವರ ಕೈಗೆ ಊರಿನ ಬಸ್ಸು ಕೊಟ್ಟಿದ್ದೇವೆ, ಥೂ.

ಅದೇ ವಾರ ಅಕ್ಕನಿಗೆ ಮೂರನೇ ಸಲ ತಡವಾಯಿತು. ಆಸ್ಪತ್ರೆಯವರು ಅವಳ ಗುರುತಿನ ಚೀಟಿ ಕಸಿದುಕೊಂಡು ಕಳಿಸಿದರು. ಅಲ್ಲಿಂದ ಆಕೆ ನೇರ ನಮ್ಮ ಡಿಪೋಗೇ ಬಂದಳು. ಸೋಪಿನ ನೀರಿಗೆ ಸುಲಿದು ಬೆಳ್ಳಗಾದ ಬೆರಳುಗಳು. ಟಿಕ್ಕಮ್ಮ ನನ್ನ ಕಿಂಡಿಯ ಮುಂದೆಯೇ ನಿಂತಿದ್ದಳು.

“ನೀನು ನನ್ನ ನೋಡ್ಲಿಲ್ವೇನೋ ಅಂದ್ಕೊಂಡಿದ್ದೆ ಕಣೆ,” ಎಂದಳು ಅಕ್ಕ.

“ನೋಡ್ದೆ ಅಕ್ಕ.”

“ಆರು ದಿನಾನೂ?”

“ಆರು ದಿನಾನೂ.”

“ಆದ್ರೂ ಸೊನ್ನೆ ಬರ್ದೆ.”

ಟಿಕ್ಕಮ್ಮ ಕೈಯಲ್ಲಿದ್ದ ಯಂತ್ರವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ನಾನು ಎರಡೂ ಕೈ ಬೀಸ್ತಿದ್ದೆನಲ್ಲ, ಅದು ಬಸ್ ನಿಲ್ಸೋಕಲ್ಲ ಕಣೆ. ನನ್ ತಂಗಿ ಕಿಟಕಿ ಪಕ್ಕ ಕೂತು ಸರ್ಕಾರದ ಕೆಲಸ ಮಾಡ್ತಿದ್ದಾಳೆ ಅಂತ ಪಕ್ಕದವ್ರಿಗೆಲ್ಲ ತೋರಿಸ್ತಿದ್ದೆ.”

ಟಿಕ್ಕಮ್ಮ ಯಂತ್ರವನ್ನು ನನ್ನ ಕಿಂಡಿಯೊಳಗೆ ತಳ್ಳಿ, ಅಲ್ಲೇ ನೆಲಕ್ಕೆ ಕುಸಿದು ಬಿಕ್ಕಿದಳು. ಅಕ್ಕ ಅವಳ ತಲೆ ಸವರುತ್ತ ನನ್ನ ಕಡೆ ತಿರುಗಿದಳು.

“ಅಲ್ಲ ಅಣ್ಣ, ಇಷ್ಟು ಜನ ನಿಂತಿದ್ರೂ ಯಾಕೆ ನಿಲ್ಸಲ್ಲ ಅವ್ರು?”

ಉತ್ತರ ನನ್ನ ಮೇಜಿನ ಮೇಲೇ ಇತ್ತು. ಕೆಂಪು ಪೆನ್ನನ್ನು ಮೆಲ್ಲಗೆ ರಿಜಿಸ್ಟರಿನ ಕೆಳಗೆ ಸರಿಸಿ, “ಈ ಡ್ರೈವರ್‌ಗಳೇ ಸರಿಯಿಲ್ಲಮ್ಮ,” ಎಂದೆ.

“ಹೌದೇನೋ,” ಎಂದು ಆಕೆ ನಂಬಿದಳು. ಟಿಕ್ಕಮ್ಮ ಮತ್ತೆ ಕೆಲಸಕ್ಕೆ ಬರಲಿಲ್ಲ. ಮುಂದಿನ ತಿಂಗಳು ಫಲಕ ಬಂತು. ವೇದಿಕೆ ಹತ್ತಿ ಅದನ್ನು ಇಸಿದುಕೊಂಡವನು ನಾನೇ.