ಉಸ್ತಾದ ಮತ್ತು ನೀರಿನ ಇಂಕು

ಕಾಗದದ ಚೀಲಗಳಿಗೆ ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಯಂತ್ರದ ಮುಂದೆ ನಿಲ್ಲುತ್ತಿದ್ದವನು ಒಡತಿಯ ತಮ್ಮ. ಎಲ್ಲರೂ ಅವನನ್ನು ಉಸ್ತಾದ ಎನ್ನುತ್ತಿದ್ದರು. ಬಿರುದು ಅವನೇ ಕೊಟ್ಟುಕೊಂಡದ್ದು. ತಾಯಿಯಿಲ್ಲದ ಕೂಸೆಂದು ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಇಳಿಸುವುದನ್ನೇ ಮರೆತಿದ್ದಳು. ಅವನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ ಮೇಷ್ಟರ ತಪ್ಪು. ಹೆಂಡತಿ ತವರು ಸೇರಿದರೆ ಹೆಂಡತಿಯ ಬಾಯಿಯ ತಪ್ಪು. ಅಚ್ಚು ಓರೆಯಾದರೆ ಕಾಗದದ ತಪ್ಪು. ತಲೆ ನರೆತರೂ ಅವನದೆಂಬ ತಪ್ಪು ಒಂದೂ ಇರಲಿಲ್ಲ.

ಅವನ ವಿದ್ಯೆಯೆಲ್ಲ ಹಳೆಯ ಎಣ್ಣೆ ಇಂಕಿನದು. ಸೋಮಾರಿಗಳಿಗೆಂದೇ ಹುಟ್ಟಿದ ಇಂಕು ಅದು: ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದರೂ ರೋಲರಿನ ಮೇಲೆ ಹಸಿಯಾಗಿಯೇ ಕಾಯುತ್ತಿತ್ತು. ಆದರೆ ಮಕ್ಕಳ ಆಹಾರ ಮಾರುವ ವ್ಯಾಪಾರಿಯೊಬ್ಬಳು ವಾಸನೆಯಿಲ್ಲದ ಚೀಲ ಬೇಕೆಂದಾಗ ಅಕ್ಕ ನೀರಿನ ಇಂಕು ತರಿಸಿದಳು. ಉಳಿದ ಗಿರಾಕಿಗಳೆಲ್ಲ ಆಗಲೇ ಕೈಬಿಟ್ಟಿದ್ದರು. ಇವಳೂ ಹೋದರೆ ಪ್ರೆಸ್ಸಿನ ಬಾಗಿಲು ಮುಚ್ಚಬೇಕು.

ಇಂಕು ಮಾರಿದವನು ಬಾಯಿಬಿಟ್ಟು ಹೇಳಿದ್ದ: "ಓಡ್ತಾ ಇರೋವರೆಗೂ ಇದು ಬಂಗಾರ. ಮಶೀನು ನಿಲ್ಲಿಸಿ ಹಾಗೇ ಬಿಟ್ರೆ ರೋಲರ್ ಮೇಲೇ ಒಣಗತ್ತೆ. ಒಣಗಿದ್ಮೇಲೆ ನೀರಿಗೂ ಬಿಡಲ್ಲ."

"ನೀರಿನ ಇಂಕು ನೀರಿಗೆ ಬಿಡಲ್ವಂತೆ! ಯಾರ ಕಿವಿಗೆ ಹೂ ಇಡ್ತೀಯಪ್ಪ?" ಎಂದಿದ್ದ ಉಸ್ತಾದ.

ವ್ಯಾಪಾರಿ ನೋಡಲು ಬಂದ ದಿನ ಮೊದಲ ಚೀಲಗಳು ಚೆನ್ನಾಗಿಯೇ ಬಂದವು. ಕಾಗದ ಒಂದಿಷ್ಟು ನೀರು ಹೀರಿತು, ಉಳಿದದ್ದನ್ನು ಬಿಸಿಗಾಳಿ ಒಯ್ದಿತು, ಅಕ್ಷರ ಕೈಗೆ ಅಂಟಲಿಲ್ಲ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಉಸ್ತಾದ ಯಂತ್ರ ನಿಲ್ಲಿಸಿದ. ಹೊಗಳಿಸಿಕೊಳ್ಳಲು ಅವನಿಗೆ ಸದ್ದಿಲ್ಲದ ಜಾಗ ಬೇಕು ನೋಡಿ! ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ತನ್ನ ಅನುಭವದ ಪುರಾಣ ಬಿಚ್ಚಿದ. ಅಕ್ಕ ಕೆಮ್ಮಿದಳು, ಕಣ್ಸನ್ನೆ ಮಾಡಿದಳು. ಪುರಾಣ ಮುಂದುವರಿಯಿತು.

ಮತ್ತೆ ಯಂತ್ರ ಓಡಿದಾಗ ಅಕ್ಷರಗಳ ಹೊಟ್ಟೆಯೆಲ್ಲ ಇಂಕಿನಿಂದ ಕಟ್ಟಿಕೊಂಡಿತ್ತು. ಚೀಲದ ಮೇಲಿನ ಚಿತ್ರದಲ್ಲಿದ್ದ ಹಾಲುಗಲ್ಲದ ಮಗುವಿಗೆ ಮೀಸೆ ಬಂದಿತ್ತು. ಇಂಕು ದಪ್ಪವಾಯಿತೆಂದು ಉಸ್ತಾದ ತೊಟ್ಟಿಗೆ ಒಂದು ಚೆಂಬು ನೀರು ಸುರಿದ. ಅದು ನೊರೆಯೆದ್ದು, ಬಿಳಿಚಿಕೊಂಡು, ಚೀಲದ ತುಂಬ ಹರಿಯಿತು. ಒದ್ದೆ ಬಟ್ಟೆ ಹಿಡಿದು ರೋಲರ್ ತಿಕ್ಕಿದ. ಒಣಗಿದ್ದು ಜಪ್ಪಯ್ಯ ಅಂದರೂ ಬಿಡಲಿಲ್ಲ.

ವ್ಯಾಪಾರಿ ಅಕ್ಕನ ಕಡೆ ತಿರುಗಿದಳು. "ಮೊದಲ ಚೀಲ ನೋಡಿದೀನಿ, ಇಂಕು ಒಳ್ಳೇದೇ. ಮಶೀನ್ ಹತ್ರ ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ ಅನ್ನಿ, ನಾಳೆ ಮತ್ತೆ ಬರ್ತೀನಿ."

ಹೂಂ ಎಂದರೆ ಸಾಕಿತ್ತು. ಅಕ್ಕನಿಗೂ ಸಿಟ್ಟು ನೆತ್ತಿಗೇರಿತ್ತು. ಎಲ್ಲ ಹಾಳು ಮಾಡಿದವನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಮ್ಮ ಮೊಣಕೈವರೆಗೆ ನೀಲಿ ಇಂಕು ಮೆತ್ತಿಕೊಂಡು, ಡುಮ್ಕಿ ಹೊಡೆದ ದಿನ ನೋಡಿದ್ದ ಹಾಗೆಯೇ ಅವಳ ಮುಖ ನೋಡುತ್ತಿದ್ದ.

"ಅವನದೇನಿಲ್ಲಮ್ಮ," ಎಂದಳು ಅಕ್ಕ. "ಇಂಕಿಂದೇ ತಪ್ಪು."

ವ್ಯಾಪಾರಿ ಹೊರಟುಹೋದಳು.

"ನಾನು ಆವತ್ತೇ ಹೇಳ್ಲಿಲ್ವಾ?" ಎಂದ ಉಸ್ತಾದ. ಅಕ್ಕ ಎದ್ದು ಹೋಗಿ ಅವನ ಕೈ ತೊಳೆಸಲು ಸೋಪು ತಂದಳು.