ಭೂಪತಿಯ ಕೊರಳಿನ ಗಂಟೆ

ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಕಟ್ಟಿದ್ದ ಹಿತ್ತಾಳೆ ಗಂಟೆ ಹುರಿ ಕಿತ್ತುಕೊಂಡು ನೆಲಕ್ಕೆ ಬಿತ್ತು. ನಾನು ಮುದ್ದೆಗೆ ಎಸರಿಟ್ಟು ನಿಂತಿದ್ದೆ. ನಮ್ಮ ಯಜಮಾನರು ಅದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ, "ಇದನ್ನ ಇನ್ನಾ ಯಾಕ್ ಇಟ್ಕೊಂಡಿದೀಯ? ಹಳೇ ಪಾತ್ರೆಯೋನಿಗೆ ಹಾಕು" ಅಂದರು. ನಾನು ಇಸಿದುಕೊಂಡೆ. ನಿಮ್ಮ ಕಣ್ಣಿಗೂ ಅದೊಂದು ಸವೆದ ಗಂಟೆ, ಅಷ್ಟೇ. ನನ್ನ ಮದುವೆ ಒಂದು ವಾರ ಇದಕ್ಕೇ ಜೋತುಬಿದ್ದಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ತೂಕದ ಕೆಲಸಕ್ಕಿದ್ದರು. ಶೇಂಗಾ ಹಿಂಡಿಗೆ ಬರವಿರಲಿಲ್ಲವಾದ್ದರಿಂದ ಒಂದು ಟಗರು ಸಾಕಿದ್ದರು. ಹೆಸರು ಕರಿಯ. ನನಗೆ ಜ್ವರ ಬಂದರೆ ಮಾತ್ರೆ, ಕರಿಯ ಸೀನಿದರೆ ಡಾಕ್ಟರು. ಟಗರಿನ ಕಾಳಗ ನೋಡದವರಿಗೆ ಹೇಳುತ್ತೇನೆ, ಅದರಲ್ಲಿ ಇರುವುದು ಒಂದೇ ಕಾನೂನು. ಎರಡೂ ದೂರದಿಂದ ಓಡಿ ಬಂದು ಹಣೆಗೆ ಹಣೆ ಕೊಡುತ್ತವೆ. ಯಾವುದು ಬೆನ್ನು ತಿರುಗಿಸಿತೋ ಅದು ಸೋತಂತೆ. ಸೋತದ್ದರ ಕೊರಳಿನ ಗಂಟೆಯನ್ನು ಯಜಮಾನನೇ ಎಲ್ಲರೆದುರು ಬಿಚ್ಚಬೇಕು. ಕರಿಯ ಯಾವತ್ತೂ ಬೆನ್ನು ತಿರುಗಿಸಿರಲಿಲ್ಲ.

ಅಷ್ಟೇ ಹೆಸರಾಗಿದ್ದದ್ದು ರಾಂಪುರದ ಓಬಣ್ಣನವರ ಭೂಪತಿ. ಅದೂ ಸೋತಿರಲಿಲ್ಲ. ಕಾಳಗ ನಡೆಸುವವರು ಈ ಎರಡನ್ನೂ ಎದುರುಬದುರು ಬಿಡುತ್ತಿರಲಿಲ್ಲ. ಸೋಲದ ಟಗರಿನ ಹೆಸರನ್ನು ಮೈಕಿನಲ್ಲಿ ಕೂಗಿದರೆ ಜನ ಸೇರುತ್ತಾರೆ. ಅಂಥವೆರಡನ್ನು ಒಂದೇ ದಿನ ಬಿಟ್ಟರೆ ಸಂಜೆಗೆ ಉಳಿಯುವುದು ಒಂದೇ. ಸೋತ ಟಗರು ಆಮೇಲೆ ಯಾರ ಮುಂದೂ ನಿಲ್ಲುವುದು ಕಡಿಮೆ. ಯಜಮಾನರಿಬ್ಬರಿಗೂ ಇದು ತಿಳಿದಿತ್ತು. ಹಾಗಾಗಿ ಅಪ್ಪ ಹೋದ ಕಡೆ ಭೂಪತಿಗೆ ಕಾಲುನೋವು, ಓಬಣ್ಣನವರು ಬಂದ ಕಡೆ ಕರಿಯನಿಗೆ ಭೇದಿ. ಹೀಗೆ ಎರಡೂ ಕಾಯಿಲೆಗಳು ವರ್ಷಗಟ್ಟಲೆ ಆರೋಗ್ಯವಾಗಿ ಬೆಳೆದವು.

ಇಂಥದ್ದರಲ್ಲಿ ಓಬಣ್ಣನವರ ಮಗನಿಗೆ ನನ್ನನ್ನು ಕೇಳಿಕೊಂಡು ಬಂದರು. ಹುಡುಗ ಮಂಡಕ್ಕಿ ತಟ್ಟೆ ಬಿಟ್ಟು ತಲೆ ಎತ್ತಿದ್ದು ಒಂದೇ ಸಲ. "ಕರಿಯಂಗೆ ಹುರುಳಿ ನೆನೆಸೋರು ನೀವೇನಾ?" ಅಂದ. ಹೂಂ ಅಂದೆ. ಹೊರಗೆ ಹೋಗಿ ಒಪ್ಪಿಗೆ ಅಂದನಂತೆ.

ನಿಶ್ಚಯದ ದಿನ ಎಲೆ ಅಡಿಕೆ ಬದಲಾದ ಮೇಲೆ ನಮ್ಮ ಸೋದರಮಾವ ಬಾಯಿ ತೆರೆದ. ಬೀಗರಾದವರು ತಮ್ಮ ಟಗರುಗಳನ್ನು ಎದುರುಬದುರು ಬಿಡಬಾರದು ಎನ್ನುವುದು ನಮ್ಮಲ್ಲಿನ ಕಟ್ಟು.

"ಅಲ್ರೀ, ಧಾರೆ ಆದ್ರೆ ಮುಗೀತು, ಆಮೇಲೆ ಬಿಡಾಂಗಿಲ್ಲ. ಹೆಣ್ಣು ಕೊಟ್ಟು ಟಗರು ಉಳಿಸ್ಕಂಡ್ರು ಅಂತಾರೆ ಜನ. ಈಗ್ಲೇ ಆಗಿಹೋಗ್ಲಿ."

ಓಬಣ್ಣನವರು, "ಸರೇ. ನಿಮ್ ಕರಿಯಂಗೆ ಭೇದಿ ಗೀದಿ ಇಲ್ಲ ತಾನೆ?" ಅಂದರು.

"ನಿಮ್ ಭೂಪತಿ ಕಾಲ್ನೋವು ವಾಸಿ ಆಗೈತೇನ್ರೀ?" ಅಂದರು ಅಪ್ಪ.

ಅಲ್ಲಿಗೆ ಮದುವೆಗೆ ಮೊದಲೇ ಇನ್ನೊಂದು ದಿನ ನಿಶ್ಚಯವಾಯಿತು.

ಅವ್ವನಿಗೆ ಅವತ್ತಿನಿಂದ ಅನ್ನ ಸೇರಲಿಲ್ಲ. "ನಾವ್ ಗೆದ್ರೆ ಇವ್ಳು ಆ ಮನ್ಯಾಗೆ ಹೆಂಗ್ ಬಾಳ್ತಾಳೆ? ಮಾವನ ಸೋತ ಮುಖ ನೋಡ್ಕೊಂಡು ದಿನಾ ಉಣ್ಬೇಕಾ?" ಅಂತ ಒಲೆಯ ಮುಂದೆ ಒಬ್ಬಳೇ ಮಾತಾಡುತ್ತಿದ್ದಳು. ಕಾಳಗದ ಬೆಳಿಗ್ಗೆ ಟಗರಿಗೆ ಏನೂ ಹಾಕುವುದಿಲ್ಲ. ಹೊಟ್ಟೆ ತುಂಬಿದರೆ ಓಡುವುದಿಲ್ಲ. ಅವತ್ತು ಅಪ್ಪ ಸ್ನಾನಕ್ಕೆ ಹೋದಾಗ ಅವ್ವ ರಾಗಿಮುದ್ದೆಗೆ ಬೆಲ್ಲ ಹಚ್ಚಿ ಕರಿಯನ ಬಾಯಿಗಿಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದು ಕಂಡು, "ನಿನ್ ಮದ್ವೆಗೇ ಹಾಕ್ತಿರೋದು, ಸುಮ್ನಿರು" ಅಂದಳು. ಬಾಗಿಲು ಮುಂದೆ ಮಾಡಿದೆ.

ಮಿಲ್ಲಿನ ಹಿಂದಿನ ಬಯಲಿನಲ್ಲಿ ಕಾಳಗ. ನಾವು ಹೆಂಗಸರು ಮಾಳಿಗೆಯಿಂದ ನೋಡಿದೆವು. ಭೂಪತಿ ಟೆಂಪೋದಿಂದ ಇಳಿದಾಗಲೇ, ಕರಿಯ ಉಳಿಯುವುದಿಲ್ಲ ಎಂದು ನಮ್ಮ ಕಡೆಯವರೇ ಮಾತಾಡಿಕೊಂಡರು. ಅಷ್ಟು ದೊಡ್ಡದು. ಅವ್ವನ ಮುಖಕ್ಕೆ ಸ್ವಲ್ಪ ಕಳೆ ಬಂತು.

ಮೊದಲ ಸಲ ಎರಡೂ ಓಡಿಬಂದು ಗುದ್ದಿಕೊಂಡವು, ಆದರೆ ಸದ್ದು ಯಾಕೋ ಮೆತ್ತಗಿತ್ತು. ಎರಡನೆಯ ಸಲ ಓಡಿಬರಲಿಲ್ಲ, ನಡೆದುಬಂದವು. ಮೂರನೆಯದಕ್ಕೆ ಕರಿಯ ಕದಲಲೇ ಇಲ್ಲ. ಕಾಲೂರಿ ಕಲ್ಲಿನಂತೆ ನಿಂತ. ಜನ "ಅಬ್ಬಾ, ಧೈರ್ಯ ನೋಡ್ರಲೇ" ಅಂದರು. ಅದು ಮುದ್ದೆ ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಭೂಪತಿ ಅರ್ಧ ದಾರಿಗೆ ಬಂದು, ನಿಂತು, ಒಂದು ದೊಡ್ಡ ತೇಗು ತೇಗಿ, ನಿಧಾನವಾಗಿ ಬೆನ್ನು ತಿರುಗಿಸಿ ಬೇವಿನ ನೆರಳಿಗೆ ಹೋಗಿ ಮಲಗಿತು.

"ಅಯಿಪಾಯೆ!" ಅಂದ ರಾಂಪುರದ ಕಡೆಯವನೊಬ್ಬ. ತೆಲುಗು ಬರದವರಿಗೂ ಎಲ್ಲ ಮುಗಿಯಿತೆಂದು ತಿಳಿಯಿತು.

ಓಬಣ್ಣನವರು ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಟೆಂಪೋ ಹತ್ತಿದರು. ಮಾಡಿಟ್ಟ ಹೋಳಿಗೆಯನ್ನು ಓಣಿಗೆ ಹಂಚಿದೆವು. ಅಪ್ಪನ ಮೀಸೆ ಸಂಜೆವರೆಗೆ ಮೇಲಿತ್ತು. ಆಮೇಲೆ ಅವ್ವ ಅವರ ಕಡೆ ಒಮ್ಮೆ ನೋಡಿದಳು. ರಾಂಪುರದಿಂದ ಸುದ್ದಿಯಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಕೊಡುವುದೋ ಬಿಡುವುದೋ ಯಾರೂ ಹೇಳಲಿಲ್ಲ. ನಾನು ದಿನಾ ಹುರುಳಿ ನೆನೆಸುತ್ತಿದ್ದೆ, ಬೇರೆ ಕೆಲಸ ತೋಚಲಿಲ್ಲ.

ವಾರದ ಮೇಲೆ ಓಬಣ್ಣನವರು ಒಬ್ಬರೇ ಬಂದರು. ಜಗಲಿಯಲ್ಲಿ ಕೂತು ನನ್ನನ್ನು ಕರೆದು ಗಂಟೆಯನ್ನು ಕೈಗಿಟ್ಟರು.

"ಇದು ನಿನ್ನತ್ರ ಇರ್ಲವ್ವ. ಭೂಪತಿಗೇನಾಗ್ತೈತೋ, ಯಾವನು ಕಣ್ಣು ಹಾಕ್ತಾನೋ ಅಂತ ಇಷ್ಟು ವರ್ಷ ರಾತ್ರಿ ಎದ್ದೆದ್ದು ನೋಡ್ತಿದ್ದೆ. ಈ ವಾರ ಚೆಂದಾಗಿ ನಿದ್ದೆ ಬಂತು. ಬೀಗರೇ, ಪತ್ರಿಕೆ ಅಚ್ಚಿಗೆ ಕೊಡ್ರಿ."

ನಿದ್ದೆ ಕೆಟ್ಟದ್ದು ನಮ್ಮಪ್ಪನಿಗೆ. ಆ ಕಡೆಗೆಲ್ಲ ಸೋಲದೆ ಉಳಿದದ್ದು ಈಗ ಕರಿಯ ಒಂದೇ. ಯಾರ ಮೇಲೆ ಬಿಡಲೂ ಅವರಿಗೆ ಧೈರ್ಯ ಬರಲಿಲ್ಲ. ಕರಿಯ ಕೊನೆಯವರೆಗೂ ಕೊಟ್ಟಿಗೆಯಲ್ಲೇ ಕೂತು ಮೈ ಬೆಳೆಸಿದ. ಭೂಪತಿ ರಾಂಪುರದ ಬೀದಿಯಲ್ಲಿ ಹಗ್ಗವಿಲ್ಲದೆ ಓಡಾಡಿಕೊಂಡಿತ್ತು.

ಮದುವೆಯಾಗಿ ಕೆಲವು ವರ್ಷಕ್ಕೆ, ಶೇಂಗಾ ಬಿಡಿಸುತ್ತಾ ಕೂತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಅಂದರು: "ಅವತ್ತು ಭೂಪತಿಗೆ ಮುದ್ದೆ ಹಾಕ್ಸಿದ್ದೆ ಕಣೇ. ಗೆದ್ದು ಬಂದಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ನಾ?" ನಾನು ಅವ್ವನ ಬೆಲ್ಲದ ಮುದ್ದೆಯ ಕಥೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಶೇಂಗಾ ಬಿಡಿಸಿ ಮೊರಕ್ಕೆ ಹಾಕಿ, "ಗಂಡಸರಿಗೆ ಹೇಳ್ಬೇಡ" ಅಂದರು. ಇವತ್ತಿನವರೆಗೂ ಹೇಳಿರಲಿಲ್ಲ.

ಈಗ ಅವ್ವನೂ ಇಲ್ಲ, ಅತ್ತೆಯೂ ಇಲ್ಲ. ಗಂಟೆ ಕೈಯಲ್ಲಿತ್ತು. "ಅವತ್ತು ನಿಮ್ಮವ್ವ ಭೂಪತಿಗೆ ಮುದ್ದೆ ತಿನ್ಸಿದ್ರು, ಗೊತ್ತೇನ್ರೀ?" ಅಂದೆ.

ಯಜಮಾನರು ಟೀ ಲೋಟ ತೊಳೆದು ಬೋರಲು ಹಾಕಿದರು. "ಅವ್ವನ್ನ ಅದು ಹತ್ರಕ್ಕೇ ಬಿಡ್ತಿರ್ಲಿಲ್ಲ. ಒಂದು ಮುದ್ದೆ ಹಾಕ್ಬಾ ಅಂತ ನನ್ ಕೈಗೆ ಕೊಟ್ಲು."

"ಒಂದೇನಾ?"

"ಒಂದಕ್ಕೆಲ್ಲ ಸೋಲೋ ಟಗರೇನೇ ಅದು? ಮೂರು ಹಾಕ್ದೆ."

ಟವೆಲ್ ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದರು. ನಾನು ಹೊಸ ಹುರಿ ಹುಡುಕಿ ಗಂಟೆಯನ್ನು ಅದೇ ಬಾಗಿಲಿಗೆ ಕಟ್ಟಿದೆ. ಮಧ್ಯಾಹ್ನ ಅವರು ಊಟಕ್ಕೆ ಕೂತಾಗ, ಕೇಳದೆಯೇ ಇನ್ನೊಂದು ಮುದ್ದೆ ಹಾಕಿದೆ. ಅವರು ಬೇಡ ಅನ್ನಲಿಲ್ಲ.