ಟೆಸ್ಲಾ ಕಾಯಿಲಿಗೆ ಇಟ್ಟ ನಿಂಬೆಹಣ್ಣು

ಕ್ಲಬ್ಬಿನ ಗೆಳೆಯರೇ, ಇವತ್ತು ನಮ್ಮ ಪೀಣ್ಯದ ಶೆಡ್ಡಿಗೆ ನಾನು ಕಟ್ಟಿದ ಟೆಸ್ಲಾ ಕಾಯಿಲ್ ಯಂತ್ರ ಹಾರಿಸುವ ಮಿಂಚು ನೋಡಲು ಬಂದು ಬರೀ ಕಡ್ಲೆಪುರಿ ತಿಂದು ಹೋದಿರಲ್ಲ, ಮಿಂಚು ಬಾರದ್ದಕ್ಕೆ ಕಾರಣ ಸಿಕ್ಕಿತು. ಅದಕ್ಕೇ ಈ ಚೀಟಿಯನ್ನು ಬೋರ್ಡಿಗೆ ಅಂಟಿಸುತ್ತಿದ್ದೇನೆ.

ವೋಲ್ಟೇಜು ಮಿತಿಮೀರಿದಾಗ ಟ್ರಾನ್ಸ್‌ಫಾರ್ಮರ್ ಸುಡದೆ ಕಿಡಿ ಪಕ್ಕದಲ್ಲೇ ಹಾರಿಹೋಗಲೆಂದು ಎರಡು ಹಿತ್ತಾಳೆ ಗುಂಡುಗಳ ನಡುವೆ ಸಂದು ಬಿಟ್ಟಿದ್ದೆ. ಆಯುಧಪೂಜೆ ಮಾಡಿದ ಅಮ್ಮ ಕುಂಕುಮ ಹಚ್ಚಿದ ನಿಂಬೆಹೋಳನ್ನು ಸರಿಯಾಗಿ ಅಲ್ಲೇ ಒತ್ತಿ, ಮೇಲೆ ಹೂವು ಮುಚ್ಚಿದ್ದರು. ಕರೆಂಟೆಲ್ಲ ಕಾಯಿಲಿಗೆ ತಲುಪದೆ ಅದರಲ್ಲೇ ಹರಿದು ಹೋಳು ಬೆಂದುಹೋಗಿತ್ತು.

"ಅಲ್ಯಾಕಮ್ಮ ಇಟ್ಟೆ?"

"ನಿಂಬೆಹಣ್ಣಿಗೇ ಜಾಗ ಬಿಟ್ಟಿದ್ದೀಯ ಅನ್ಕೊಂಡೆ ಕಣೋ."

"ಅದು ಟ್ರಾನ್ಸ್‌ಫಾರ್ಮರ್ ಕಾಪಾಡೋಕೆ ಬಿಟ್ಟಿರೋದು."

"ನಾನೂ ಅದಕ್ಕೇ ಇಟ್ಟಿದ್ದು. ಸುಟ್ಟೋಯ್ತಾ?"

ಮುಟ್ಟಿ ನೋಡಿದೆ. ಟ್ರಾನ್ಸ್‌ಫಾರ್ಮರ್ ತಣ್ಣಗೆ ಕೂತಿತ್ತು.

ವಾದ ಮಾಡುವ ಧೈರ್ಯ ಯಾರಿಗಾದರೂ ಇದ್ದರೆ, ಅಮ್ಮ ಮನೆಯಲ್ಲೇ ಇದ್ದಾರೆ.